ಮರದ ಪಲ್ಪ್‌ನಿಂದ ಕೈಯಾರೆ ಕಾಗದ: ನಾರು ಆರಿಸುವುದರಿಂದ ಹಾಳೆ ಒಣಗಿಸುವವರೆಗೆ

ಓದುಗರಿಂದ ಮೂರು ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತಿವೆ. ಗರಗಸದ ಹುಡಿ ಕುದಿಸಿದರೆ ಕಾಗದ ಆಗುತ್ತದೆಯೇ? ಪಲ್ಪ್‌ಗೆ ಎಷ್ಟು ಅಂಟು ಬೆರೆಸಬೇಕು? ಒಣಗಿದ ಹಾಳೆ ಸುರುಟಿಕೊಳ್ಳುವುದೇಕೆ? ಹುಡಿಯಿಂದ ಕಾಗದ ಆಗುವುದಿಲ್ಲ. ಅಂಟು ಒಂದು ತೊಟ್ಟೂ ಬೇಡ. ಸುರುಟುವುದು ಒಣಗಿಸುವಾಗ ಮಾಡಿದ ತಪ್ಪಿನಿಂದ. ಹೀಗೆ ಒಂದೊಂದು ಸಾಲಿನಲ್ಲಿ ಹೇಳಿದರೆ ಯಾರಿಗೂ ಉಪಯೋಗವಿಲ್ಲ, ಆದ್ದರಿಂದ ಕಾರಣಗಳ ಸಮೇತ ಪೂರ್ತಿ ಕ್ರಮವನ್ನು ಇಲ್ಲಿ ಕೊಟ್ಟಿದ್ದೇವೆ. ಲೆಕ್ಕವೆಲ್ಲ ಎ4 ಅಳತೆಯ, ಚದರ ಮೀಟರಿಗೆ 100 ಗ್ರಾಂ ತೂಗುವ ಹತ್ತು ಹಾಳೆಗಳಿಗೆ.

ಅಂಟು ಏಕೆ ಬೇಡ

ಮರದಲ್ಲಿ ಮುಖ್ಯವಾಗಿ ಮೂರು ವಸ್ತುಗಳಿವೆ. ಒಣ ತೂಕದಲ್ಲಿ ಸುಮಾರು 40ರಿಂದ 50 ಭಾಗ ಸೆಲ್ಯುಲೋಸ್. ನಾರಿನ ಮೈಯೆಂದರೆ ಇದೇ. ಅದರ ಜೊತೆಗಿರುವ, ಸರಪಳಿ ಗಿಡ್ಡವಾದ ಸಕ್ಕರೆಜಾತಿಯ ವಸ್ತು ಹೆಮಿಸೆಲ್ಯುಲೋಸ್. ಇವೆರಡನ್ನೂ ಗಾರೆಯಂತೆ ಹಿಡಿದು ನಿಲ್ಲಿಸುವುದು ಲಿಗ್ನಿನ್. ಈ ಗಾರೆಯನ್ನು ಕರಗಿಸಿಯೋ ಅಥವಾ ಯಂತ್ರದಲ್ಲಿ ಅರೆದೋ ನಾರುಗಳನ್ನು ಬಿಡಿಬಿಡಿಯಾಗಿಸಿದಾಗ ಸಿಗುವುದೇ ಪಲ್ಪ್. ಕನ್ನಡದಲ್ಲಿ ಇದನ್ನು ‘ಮರದ ತಿರುಳು’ ಎಂದು ಬರೆಯುವುದುಂಟು. ಆದರೆ ಕಾಂಡದ ನಡುವೆ ಇರುವ ಮೆತ್ತನೆಯ ತಿರುಳಿಗೂ ಇದಕ್ಕೂ ಸಂಬಂಧವಿಲ್ಲ. ಪಲ್ಪ್ ಬರುವುದು ಗಟ್ಟಿ ಮರದ ಭಾಗದಿಂದಲೇ.

ಸೆಲ್ಯುಲೋಸ್ ನಾರು ನೀರು ಕುಡಿದು ಉಬ್ಬುತ್ತದೆ, ಮೆತ್ತಗಾಗುತ್ತದೆ. ನೀರು ಆರುತ್ತಾ ಬಂದಂತೆ ಪಕ್ಕಪಕ್ಕದ ನಾರುಗಳನ್ನು ಅದೇ ನೀರು ಒಂದಕ್ಕೊಂದು ಎಳೆದು ತರುತ್ತದೆ. ಪೂರ್ತಿ ಒಣಗಿದಾಗ ಅವುಗಳ ನಡುವೆ ಹೈಡ್ರೋಜನ್ ಬಂಧಗಳು ಏರ್ಪಟ್ಟು ಹಾಳೆ ತಾನಾಗಿ ನಿಲ್ಲುತ್ತದೆ. ಅಂದರೆ ಕಾಗದದ ಅಂಟು ನಾರಿನ ಮೇಲ್ಮೈಯೇ. ಆ ಮೇಲ್ಮೈಯನ್ನು ಎಷ್ಟು ಬಿಚ್ಚಿಡುತ್ತೀರೋ ಹಾಳೆ ಅಷ್ಟು ಗಟ್ಟಿ. ಗೋಂದನ್ನೋ ಬಿಳಿ ಅಂಟನ್ನೋ ಪಲ್ಪ್‌ಗೆ ಸುರಿದರೆ ಅದರ ಬಹುಪಾಲು ನೀರಿನೊಂದಿಗೇ ಸೋರಿಹೋಗುತ್ತದೆ, ಉಳಿದದ್ದು ಜಾಲರಿಯ ಕಣ್ಣು ಮುಚ್ಚುತ್ತದೆ.

ಮರದ ಚಕ್ಕೆಯಿಂದಲೇ ಶುರುಮಾಡಬೇಡಿ

ಕಾರ್ಖಾನೆಯ ಕ್ರಾಫ್ಟ್ ವಿಧಾನದಲ್ಲಿ ಚಕ್ಕೆಗಳನ್ನು ಕಾಸ್ಟಿಕ್ ಸೋಡಾ ಮತ್ತು ಸೋಡಿಯಂ ಸಲ್ಫೈಡ್ ದ್ರಾವಣದಲ್ಲಿ, ಒತ್ತಡದ ಪಾತ್ರೆಯೊಳಗೆ, ಸುಮಾರು 160ರಿಂದ 170 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯಿಸುತ್ತಾರೆ. ಮನೆಯ ಪ್ರೆಷರ್ ಕುಕ್ಕರ್ ಮುಟ್ಟುವುದು ಹೆಚ್ಚೆಂದರೆ 120 ಡಿಗ್ರಿ. ಆ ಬಿಸಿಗೆ ಮರದ ಲಿಗ್ನಿನ್ ಬೇಕಾದಷ್ಟು ಕರಗುವುದಿಲ್ಲ. ಕುಕ್ಕರಿಗೆ ಕಾಸ್ಟಿಕ್ ಹಾಕುವುದಂತೂ ಅಪಾಯ: ಕಾಸ್ಟಿಕ್ ದ್ರಾವಣ ಅಲ್ಯೂಮಿನಿಯಂ ಪಾತ್ರೆಯನ್ನು ತಿಂದು ಹೈಡ್ರೋಜನ್ ಅನಿಲ ಬಿಡುತ್ತದೆ, ಒಂದು ಹನಿ ಸಿಡಿದರೆ ಕಣ್ಣೇ ಹೋಗಬಹುದು. ದಯವಿಟ್ಟು ಯಾರೂ ಇದನ್ನು ಪ್ರಯೋಗಿಸಬೇಡಿ.

ಗರಗಸದ ಹುಡಿಯ ತೊಂದರೆ ಬೇರೆ. ಅದರಲ್ಲಿ ನಾರುಗಳು ಆಗಲೇ ತುಂಡಾಗಿವೆ, ಲಿಗ್ನಿನ್ ಹಾಗೇ ಇದೆ. ಹಾಗಾಗಿ ಅವು ನೀರು ಕುಡಿದು ಒಂದನ್ನೊಂದು ಹಿಡಿಯಲಾರವು. ನೋಟಕ್ಕೆಂದು ಒಂದು ಚಿಟಿಕೆ ಬೆರೆಸಬಹುದು, ಅಷ್ಟೇ.

ಪಲ್ಪ್ ಆರಿಸುವಾಗ

ಹೆಚ್ಚಿನವರು ಎಡವುವುದು ಇಲ್ಲೇ. ಪಲ್ಪ್ ದಪ್ಪ ಒಣ ಹಾಳೆಗಳ ರೂಪದಲ್ಲಿ ಮಾರಾಟವಾಗುತ್ತದೆ, ನೋಡಲು ಎಲ್ಲವೂ ಬಿಳಿಯ ರಟ್ಟಿನಂತೆಯೇ ಇರುತ್ತದೆ. ಆದ್ದರಿಂದ ಹೆಸರು ಓದಿ ಕೊಳ್ಳಬೇಕು.

ಸಾಫ್ಟ್‌ವುಡ್ ಕ್ರಾಫ್ಟ್ ಎಂದರೆ ಪೈನ್, ಸ್ಪ್ರೂಸ್‌ನಂಥ ಸೂಜಿ ಎಲೆಯ ಮರಗಳ ಪಲ್ಪ್. ನಾರಿನ ಉದ್ದ ಸುಮಾರು 3 ಮಿಲಿಮೀಟರ್. ಹರಿದರೆ ತಡೆಯುವ ಗುಣ ಇದರದು. ಹಾರ್ಡ್‌ವುಡ್ ಕ್ರಾಫ್ಟ್ ನೀಲಗಿರಿ, ಅಕೇಶಿಯದಂಥ ಅಗಲ ಎಲೆಯ ಮರಗಳದು. ನಾರು ಸುಮಾರು 1 ಮಿಲಿಮೀಟರ್, ಹಾಳೆಗೆ ಸಮನಾದ ನಯ ಬರುತ್ತದೆ. ಬರೆಯುವ ಹಾಳೆಗೆ 30 ಭಾಗ ಉದ್ದ ನಾರು, 70 ಭಾಗ ಗಿಡ್ಡ ನಾರು ಒಳ್ಳೆಯ ಹದ. ಚೀಲ, ಪೆಟ್ಟಿಗೆ, ಪುಸ್ತಕದ ರಟ್ಟಿನ ಹೊದಿಕೆಗಾದರೆ ಈ ಲೆಕ್ಕವನ್ನು ತಿರುಗಿಸಿ. ಜರ್ಮನ್ ಭಾಷೆಯಲ್ಲಿ ಕ್ರಾಫ್ಟ್ ಎಂದರೆ ಬಲ. ಕಾರ್ಲ್ ಡಾಲ್ 1879ರಲ್ಲಿ ಕಂಡುಕೊಂಡ ಈ ವಿಧಾನದ ಪಲ್ಪ್ ಆ ಹೆಸರಿಗೆ ತಕ್ಕಂತೆಯೇ ಇದೆ.

ಮೆಕ್ಯಾನಿಕಲ್ ಪಲ್ಪ್ ಮರವನ್ನು ಅರೆದು ತೆಗೆದದ್ದು. ಮರದ ಶೇಕಡ 90ಕ್ಕೂ ಹೆಚ್ಚು ಪಲ್ಪ್ ಆಗಿ ಕೈಸೇರುತ್ತದೆ. ಕ್ರಾಫ್ಟ್‌ನಲ್ಲಿ ಅರ್ಧದಷ್ಟು ಮಾತ್ರ. ಆದರೆ ಲಿಗ್ನಿನ್ ಪೂರ್ತಿ ಉಳಿದುಕೊಳ್ಳುವುದರಿಂದ ಹಾಳೆ ಬಿಸಿಲಿಗೆ ಬೇಗ ಹಳದಿಯಾಗುತ್ತದೆ. ಸುದ್ದಿಪತ್ರಿಕೆ ಕಿಟಕಿಯ ಬಳಿ ಕೆಲವೇ ದಿನಗಳಲ್ಲಿ ಬಣ್ಣ ತಿರುಗುವುದು ಇದಕ್ಕೇ. ಉಳಿಯಬೇಕಾದ ಕೆಲಸಕ್ಕೆ ಇದನ್ನು ಬಳಸಬೇಡಿ.

ಇನ್ನೆರಡು ಹೆಸರುಗಳ ಬಗ್ಗೆ ಎಚ್ಚರ. ಮಕ್ಕಳ ಡೈಪರ್‌ಗೆಂದು ತಯಾರಾಗುವ ಫ್ಲಫ್ ಪಲ್ಪ್‌ನ ಕೆಲವು ಬಗೆಗಳಿಗೆ ನಾರುಗಳು ಅಂಟಿಕೊಳ್ಳದಿರಲೆಂದೇ ರಾಸಾಯನಿಕ ಸೇರಿಸಿರುತ್ತಾರೆ. ಅದರಿಂದ ಎತ್ತಿದ ಹಾಳೆ ಒಣಗಿದ ಮೇಲೆ ಹತ್ತಿಯಂತೆ ಬಿಚ್ಚಿಹೋಗುತ್ತದೆ. ಡಿಸಾಲ್ವಿಂಗ್ ಪಲ್ಪ್ ಎಂಬುದು ವಿಸ್ಕೋಸ್ ನೂಲು, ಸೆಲ್ಲೋಫೇನ್, ಸೆಲ್ಯುಲೋಸ್ ಅಸಿಟೇಟ್ ಮಾಡಲು ಇರುವ ಅತಿ ಶುದ್ಧ ಪಲ್ಪ್. ಶುದ್ಧವಾದದ್ದು ಕಾಗದಕ್ಕೂ ಒಳ್ಳೆಯದೆಂದು ಅನ್ನಿಸುವುದು ಸಹಜ, ಆದರೆ ಆಗುವುದು ತಿರುಗುಮುರುಗು. ನಾರು ಉಬ್ಬಲು, ಬೆಸೆಯಲು ನೆರವಾಗುವ ಹೆಮಿಸೆಲ್ಯುಲೋಸನ್ನೇ ಅದರಿಂದ ತೆಗೆದಿರುತ್ತಾರೆ, ಹಾಗಾಗಿ ಹಾಳೆ ಸೊರಗುತ್ತದೆ.

ಹಳೆಯ ಕಾಗದದಿಂದ ಮಾಡುವವರು ಒಂದೇ ಮಗ್ಗುಲು ಅಚ್ಚಾದ ಬಿಳಿ ಕಚೇರಿ ಹಾಳೆ ಆರಿಸಿಕೊಳ್ಳಿ. ಮಿರುಗುವ ನಿಯತಕಾಲಿಕೆಗಳಲ್ಲಿ ಜೇಡಿಯ ಲೇಪ ಬಹಳ, ನಾರು ಕಡಿಮೆ. ಅಂಗಡಿ ರಸೀದಿಯ ಉಷ್ಣಕಾಗದ, ಒಳಗೆ ಪ್ಲಾಸ್ಟಿಕ್ ಬಳಿದ ಲೋಟ ಬೇಡವೇ ಬೇಡ. ಒಮ್ಮೆ ಒಣಗಿದ ನಾರು ಮತ್ತೆ ಮೊದಲಿನಷ್ಟು ಉಬ್ಬುವುದಿಲ್ಲ. ಆದ್ದರಿಂದ ಹಳೆ ಕಾಗದಕ್ಕೆ ನಾಲ್ಕನೇ ಒಂದು ಪಾಲು ಹೊಸ ಸಾಫ್ಟ್‌ವುಡ್ ಪಲ್ಪ್ ಸೇರಿಸಿ, ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ.

ಬೇಕಾಗುವ ಸಾಮಾನು

ಪಲ್ಪ್ 210 ಗ್ರಾಂ. ಒಳಗಿನ ಅಳತೆ ಸುಮಾರು 55×40 ಸೆಂಟಿಮೀಟರ್, ಆಳ 20 ಸೆಂಟಿಮೀಟರಿಗೆ ಕಡಿಮೆಯಿಲ್ಲದ ತೊಟ್ಟಿ. ಒಂದೇ ಅಳತೆಯ ಎರಡು ಮರದ ಚೌಕಟ್ಟು: ಕೆಳಗಿನದಕ್ಕೆ ಜಾಲರಿ ಬಿಗಿದಿರಬೇಕು, ಇದನ್ನು ಅಚ್ಚು ಎನ್ನೋಣ, ಮೇಲಿನದು ಬರಿಯ ಚೌಕಟ್ಟು, ಡೆಕಲ್ ಎಂದು ಹೆಸರು, ಹಾಳೆಯ ಅಂಚನ್ನು ನಿಗದಿಮಾಡುವುದು ಇದೇ. ಡೆಕಲ್‌ನ ಒಳ ಅಳತೆ 21.5×30.5 ಸೆಂಟಿಮೀಟರ್ ಇರಲಿ, ಹಾಳೆ ಒಣಗುವಾಗ ಕುಗ್ಗುತ್ತದೆ. ಎತ್ತರ 2.5 ಸೆಂಟಿಮೀಟರಾದರೂ ಇರಬೇಕು, ಕಾರಣ ಮೂರನೇ ಹಂತದಲ್ಲಿದೆ. ಜಾಲರಿ ಇಂಚಿಗೆ 30ರಿಂದ 40 ಕಣ್ಣಿನ ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಸ್ಟೀಲಿನದಾದರೆ ಉತ್ತಮ. ನೈಲಾನ್ ಜಾಲರಿಯಾದರೆ ತಮಟೆಯಷ್ಟು ಬಿಗಿಯಾಗಿ ಎಳೆದು, ಅಡಿಯಲ್ಲಿ 3 ಸೆಂಟಿಮೀಟರಿಗೊಂದರಂತೆ ಪಟ್ಟಿ ಕೊಡಿ. ಜೋತುಬಿದ್ದ ಜಾಲರಿಯಲ್ಲಿ ಹಾಳೆಯ ನಡುಭಾಗ ದಪ್ಪವಾಗುತ್ತದೆ.

ಇಷ್ಟರ ಜೊತೆಗೆ ಮಿಕ್ಸಿ, ತಕ್ಕಡಿ, ಸೋಸುವ ಬಟ್ಟೆ, ಹಾಳೆಗಿಂತ ದೊಡ್ಡದಾದ ಹನ್ನೆರಡು ಉಣ್ಣೆಯ ಕಂಬಳಿ ತುಂಡು, ಎರಡು ದಪ್ಪ ಹಲಗೆ, ಬಿಗಿಯಲು ನಾಲ್ಕು ಕ್ಲಾಂಪ್. ಕಬ್ಬಿಣದ ಮೊಳೆ ಎಲ್ಲೂ ನೀರಿಗೆ ತಾಗಬಾರದು, ತುಕ್ಕು ಹಾಳೆಯಲ್ಲಿ ಕಂದು ಚುಕ್ಕೆಯಾಗಿ ಕೂರುತ್ತದೆ.

ಹಂತ 1: ನೆನೆಸುವುದು

ಪಲ್ಪನ್ನು ಕೈಯಿಂದಲೇ ಹರಿದು ಅಂಗೈಯಗಲದ ತುಂಡು ಮಾಡಿ. ಕತ್ತರಿ ಬೇಡ, ಕತ್ತರಿಸಿದ ಕಡೆಯಲ್ಲೆಲ್ಲ ನಾರು ತುಂಡಾಗುತ್ತದೆ. ಮುಳುಗುವಷ್ಟು ನೀರಿನಲ್ಲಿ ಒಂದು ರಾತ್ರಿ ಬಿಡಿ. ಬೆರಳಲ್ಲಿ ಹಿಸುಕಿದಾಗ ಒಳಗೆ ಎಲ್ಲೂ ಗಟ್ಟಿ ಪದರ ಸಿಗಬಾರದು. ಅರ್ಧ ನೆನೆದ ಪಲ್ಪ್ ಮಿಕ್ಸಿಯಲ್ಲಿ ಒಡೆಯುವುದಿಲ್ಲ, ಸಣ್ಣ ಗಂಟುಗಳಾಗಿ ಕೊನೆಯ ಹಾಳೆಯವರೆಗೂ ಕಾಡುತ್ತದೆ.

ಹಂತ 2: ನಾರನ್ನು ಬಿಡಿಸುವುದು, ಜಜ್ಜುವುದು

ಇವು ಎರಡು ಬೇರೆಬೇರೆ ಕೆಲಸಗಳು. ನಾರುಗಳನ್ನು ಒಂದರಿಂದೊಂದು ಬೇರ್ಪಡಿಸುವುದು ಮೊದಲನೆಯದು, ಇದನ್ನು ಮಿಕ್ಸಿ ಚೆನ್ನಾಗಿ ಮಾಡುತ್ತದೆ. ಪ್ರತಿ ನಾರಿನ ಮೈಯನ್ನು ಜಜ್ಜಿ, ಅದರಿಂದ ಕೂದಲಿಗಿಂತ ನವಿರಾದ ಎಳೆಗಳನ್ನು ಎಬ್ಬಿಸುವುದು ಎರಡನೆಯದು. ಇದಕ್ಕೆ ಕಾಗದದವರ ಮಾತಿನಲ್ಲಿ ಬೀಟಿಂಗ್ ಎನ್ನುತ್ತಾರೆ. ಹಾಳೆಯ ಬಲ ನಿರ್ಧಾರವಾಗುವುದು ಈ ಎರಡನೆಯ ಕೆಲಸದಲ್ಲಿ, ಮತ್ತು ಮಿಕ್ಸಿಯ ಹರಿತ ಅಲಗು ಇದನ್ನು ಮಾಡಲಾರದು. ಹೆಚ್ಚು ಹೊತ್ತು ತಿರುಗಿಸಿದರೆ ಅದು ನಾರನ್ನು ಕತ್ತರಿಸುತ್ತದೆಯೇ ಹೊರತು ಜಜ್ಜುವುದಿಲ್ಲ.

ಆದ್ದರಿಂದ ಹೀಗೆ ಮಾಡಿ. ನೆನೆದ ಪಲ್ಪನ್ನು ಬಟ್ಟೆಯಲ್ಲಿ ಹಿಂಡಿ ಮುದ್ದೆ ಮಾಡಿ, ದಪ್ಪ ಹಲಗೆಯ ಮೇಲಿಟ್ಟು ಮರದ ಕೊಡತಿಯಿಂದ ಬಡಿಯಿರಿ. ಹರಡಿದಂತೆಲ್ಲ ಮಡಿಸಿ, ತಿರುವಿ, ಒಣಗಿದರೆ ನೀರು ಚಿಮುಕಿಸಿ ಒಂದು ಗಂಟೆ ಬಡಿಯಬೇಕು. ತೋಳು ಸೋಲುವ ಕೆಲಸ, ನಿಜ. ಆದರೆ ಈ ಒಂದು ಗಂಟೆಯನ್ನು ಬಿಟ್ಟ ಹಾಳೆಯನ್ನೂ ಕೊಟ್ಟ ಹಾಳೆಯನ್ನೂ ಒಟ್ಟಿಗೆ ಹರಿದು ನೋಡಿದವರು ಮತ್ತೆಂದೂ ಇದನ್ನು ಬಿಡಲಾರರು. ಹಾಲೆಂಡರ್ ಬೀಟರ್ ಎಂಬ, ಉರುಳೆಯಲ್ಲಿ ಮೊಂಡು ಪಟ್ಟಿಗಳಿರುವ ಯಂತ್ರ ಕೈಗೆ ಸಿಗುವಂತಿದ್ದರೆ ಕೊಡತಿಯೂ ಬೇಡ, ಮಿಕ್ಸಿಯೂ ಬೇಡ.

ಬಡಿದ ಮೇಲೆ ಮಿಕ್ಸಿಗೆ. ಒಂದು ಲೀಟರ್ ನೀರಿಗೆ ಒಣ ತೂಕದ ಲೆಕ್ಕದಲ್ಲಿ 15 ಗ್ರಾಂ ಪಲ್ಪ್, 30ರಿಂದ 40 ಸೆಕೆಂಡು. 210 ಗ್ರಾಂ ಮುಗಿಯಲು ಹದಿನಾಲ್ಕು ಸರದಿ ಬೇಕು. ಬೇಗ ಮುಗಿಸಲೆಂದು ಜಾರಿಗೆ ತುರುಕಿದರೆ ಮೋಟಾರು ಸುಡುತ್ತದೆ, ಪಲ್ಪೂ ಗಂಟಾಗಿಯೇ ಉಳಿಯುತ್ತದೆ.

ಹದ ನೋಡುವ ಬಗೆ: ಗಾಜಿನ ಲೋಟದ ತಿಳಿನೀರಿಗೆ ಒಂದು ಚಿಟಿಕೆ ಪಲ್ಪ್ ಹಾಕಿ ಕಲಕಿ, ಬೆಳಕಿಗೆ ಹಿಡಿಯಿರಿ. ಮೋಡದಂತೆ ಸಮನಾಗಿ ಹರಡಿದ್ದರೆ ಸರಿ. ಬಿಳಿ ಚುಕ್ಕೆಗಳು ತೇಲಿದರೆ ಇನ್ನೊಂದು ಸುತ್ತು. ಬಡಿತ ಅತಿಯಾದರೂ ತೊಂದರೆಯಿದೆ. ನೀರು ಸೋರಲು ಬಹಳ ಹೊತ್ತು ಹಿಡಿಯುತ್ತದೆ, ಹಾಳೆ ವಿಪರೀತ ಕುಗ್ಗುತ್ತದೆ, ಅರೆಪಾರದರ್ಶಕವಾಗಿ ಗರಿಗರಿಯೆನ್ನುತ್ತದೆ. ಟ್ರೇಸಿಂಗ್ ಹಾಳೆಯ ಕೆಲವು ಬಗೆಗಳನ್ನು ಬೇಕೆಂದೇ ಹೀಗೆ ಅತಿಯಾಗಿ ಬೀಟ್ ಮಾಡಿ ತಯಾರಿಸುತ್ತಾರೆ, ಬರೆಯುವ ಹಾಳೆಗೆ ಅದು ಬೇಡ.

ಬಹುಕಾಲ ಉಳಿಯಬೇಕಾದ ಹಾಳೆಗೆ ಈ ಹಂತದಲ್ಲೇ ನಯವಾದ ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿ ಬೆರೆಸಿ. ನಾರಿನ ತೂಕದ ಶೇಕಡ 5, ಅಂದರೆ 10 ಗ್ರಾಂ ಸಾಕು, ಸ್ವಲ್ಪ ಭಾಗ ನೀರಿನೊಂದಿಗೆ ಹೋಗುತ್ತದೆ. ಗಾಳಿಯಿಂದ ಬರುವ ಆಮ್ಲವನ್ನು ಇದು ನುಂಗಿಕೊಳ್ಳುತ್ತದೆ. ಬಾಳಿಕೆಯ ಕಾಗದಕ್ಕಿರುವ ಐಎಸ್‌ಒ 9706 ಮಾನದಂಡ ಕೇಳುವುದು ಕನಿಷ್ಠ ಶೇಕಡ 2ರಷ್ಟು ಕಾರ್ಬೊನೇಟ್‌ಗೆ ಸಮನಾದ ಕ್ಷಾರ.

ಹಂತ 3: ತೊಟ್ಟಿ ಹದಗೊಳಿಸುವುದು

ಪಲ್ಪನ್ನೆಲ್ಲ ಬಟ್ಟೆಯಲ್ಲಿ ಸೋಸಿ, ಹಿಂಡಿ, ಮುದ್ದೆಯನ್ನು ತೂಗಿ ಏಳು ಸಮಪಾಲು ಮಾಡಿ. ಐದು ಪಾಲು, ಅಂದರೆ 150 ಗ್ರಾಂ ಒಣ ನಾರು, 30 ಲೀಟರ್ ನೀರಿರುವ ತೊಟ್ಟಿಗೆ. ಉಳಿದೆರಡು ಪಾಲಿಗೆ ನೀರು ಸೇರಿಸಿ 3 ಲೀಟರ್ ಮಾಡಿ ಪಕ್ಕಕ್ಕಿಡಿ, ಇದು ತುಂಬುಪಲ್ಪ್.

ಲೆಕ್ಕ ಹೀಗಿದೆ. ತೊಟ್ಟಿಯಲ್ಲಿ ಈಗ ಲೀಟರಿಗೆ 5 ಗ್ರಾಂ ನಾರು. ಎ4 ಹಾಳೆಯ ವಿಸ್ತೀರ್ಣ ಚದರ ಮೀಟರಿನ ಹದಿನಾರನೇ ಒಂದು ಭಾಗ, ಆದ್ದರಿಂದ 100 ಗ್ರಾಂ ಗುಣದ ಹಾಳೆಗೆ 6.25 ಗ್ರಾಂ ನಾರು ಬೇಕು. ಅಷ್ಟು ನಾರು 1.25 ಲೀಟರ್ ನೀರಿನಲ್ಲಿದೆ, ಆ ನೀರು ಜಾಲರಿಯ ಮೇಲೆ ಸುಮಾರು 2 ಸೆಂಟಿಮೀಟರ್ ನಿಲ್ಲುತ್ತದೆ. ಡೆಕಲ್‌ನ ಎತ್ತರ 2.5 ಸೆಂಟಿಮೀಟರ್ ಇರಲಿ ಎಂದದ್ದು ಇದಕ್ಕೆ.

ಪ್ರತಿ ಹಾಳೆ ಎತ್ತಿದಾಗ ನೀರು ತೊಟ್ಟಿಗೇ ಮರಳುತ್ತದೆ, ನಾರು ಮಾತ್ರ ಕಡಿಮೆಯಾಗುತ್ತದೆ. ಹಾಗಾಗಿ ಹಾಳೆಗೊಮ್ಮೆ 300 ಮಿಲಿಲೀಟರ್ ತುಂಬುಪಲ್ಪ್ ಸುರಿದು ಕಲಕಿ. ‘ಮೊದಲ ಹಾಳೆ ರಟ್ಟಿನಷ್ಟು ದಪ್ಪ, ಹತ್ತನೆಯದು ಟಿಶ್ಯೂನಷ್ಟು ತೆಳು’ ಎನ್ನುವವರು ಬಿಟ್ಟಿರುವುದು ಇದನ್ನೇ.

ಹಂತ 4: ಹಾಳೆ ಎತ್ತುವುದು

ತಳದಿಂದ ಕೈಯಾಡಿಸಿ ಕಲಕಿ. ಸುಳಿ ನಿಲ್ಲಲಿ, ಆದರೆ ನಾರು ತಳ ಸೇರುವಷ್ಟು ತಡವಾಗಬಾರದು. ಅಚ್ಚಿನ ಜಾಲರಿ ಮೇಲ್ಮುಖವಾಗಿರಲಿ, ಅದರ ಮೇಲೆ ಡೆಕಲ್ ಒತ್ತಿಹಿಡಿಯಿರಿ. ನಿಮ್ಮ ಎದುರಿನ ಅಂಚಿನಿಂದ ಓರೆಯಾಗಿ ಮುಳುಗಿಸಿ, ನೀರೊಳಗೆ ಮಟ್ಟ ಮಾಡಿ, ನೆಟ್ಟಗೆ ಮೇಲೆತ್ತಿ. ನೀರು ಇನ್ನೂ ಜಾಲರಿಯ ಮೇಲಿರುವಾಗಲೇ ಎಡಬಲ ಒಮ್ಮೆ, ಹಿಂದುಮುಂದು ಒಮ್ಮೆ ಸಣ್ಣಗೆ ಅಲುಗಿಸಿ. ನಾರುಗಳು ಅಡ್ಡಡ್ಡ ಹೆಣೆದುಕೊಳ್ಳುವುದು ಆ ಎರಡು ಕ್ಷಣದಲ್ಲಿ. ನೀರಿನ ಹೊಳಪು ಹೋದ ಮೇಲೆ ಅಲುಗಿಸಬೇಡಿ, ಹಾಳೆ ಬಿರುಕುಬಿಡುತ್ತದೆ.

ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ನೀರು ಸೋರಬೇಕು. ಅರ್ಧ ನಿಮಿಷ ಮೀರಿದರೆ ಪಲ್ಪ್ ಅತಿ ಜಜ್ಜಿದೆ, ಇಲ್ಲವೇ ಜಾಲರಿಯ ಕಣ್ಣು ಕಟ್ಟಿದೆ. ಡೆಕಲ್ ತೆಗೆಯುವಾಗ ಅದರ ಅಂಚಿನಿಂದ ಒಂದು ಹನಿ ಬಿದ್ದರೂ ಹಾಳೆಯಲ್ಲಿ ಗುಂಡನೆಯ ತೆಳು ಕಲೆ ಉಳಿಯುತ್ತದೆ, ಓರೆ ಮಾಡಿ ನೀರು ಬಸಿದು ಆಮೇಲೆ ತೆಗೆಯಿರಿ. ಹಾಳೆ ಸರಿಬರಲಿಲ್ಲವೇ? ಅಚ್ಚನ್ನು ಬೋರಲು ಮಾಡಿ ತೊಟ್ಟಿಯ ನೀರಿಗೆ ತಾಗಿಸಿ, ಪಲ್ಪ್ ಕಳಚಿಕೊಳ್ಳುತ್ತದೆ. ಏನೂ ನಷ್ಟವಿಲ್ಲ.

ಉದ್ದ ನಾರಿನ ಪಾಲು ಹೆಚ್ಚಿದ್ದರೆ ನಾರುಗಳು ನೀರಲ್ಲೇ ಗುಂಪುಗೂಡಿ ಹಾಳೆ ಮೋಡಮೋಡವಾಗುತ್ತದೆ. ಆಗ ಬೆಂಡೆಯನ್ನು ಜಜ್ಜಿ ತಣ್ಣೀರಿನಲ್ಲಿ ನೆನೆಸಿ ಸೋಸಿದ ಲೋಳೆಯನ್ನು ತೊಟ್ಟಿಗೆ ಸೇರಿಸಿ. ಜಪಾನಿನ ಕೈಕಾಗದದವರು ಬಳಸುವ ಲೋಳೆ ಬೆಂಡೆಯ ಸಂಬಂಧಿ ಗಿಡವೊಂದರ ಬೇರಿನಿಂದ ಬರುತ್ತದೆ. ಇದು ಅಂಟಲ್ಲ. ನೀರನ್ನು ಮಂದಗೊಳಿಸಿ ನಾರುಗಳನ್ನು ದೂರದೂರ ಇಡುವುದಷ್ಟೇ ಅದರ ಕೆಲಸ.

ಹಂತ 5: ಕಂಬಳಿಗೆ ಇಳಿಸುವುದು

ಕಂಬಳಿ ಒದ್ದೆಯಾಗಿರಲೇಬೇಕು. ಒಣಗಿದ್ದರೆ ಹಾಳೆ ಜಾಲರಿಯನ್ನು ಬಿಟ್ಟುಬರುವುದಿಲ್ಲ. ಅಚ್ಚಿನ ಉದ್ದ ಅಂಚನ್ನು ಕಂಬಳಿಯ ಮೇಲೆ ನಿಲ್ಲಿಸಿ, ಬೋರಲಾಗಿ ಒತ್ತುತ್ತಾ ಆ ಅಂಚಿನಿಂದ ಈ ಅಂಚಿಗೆ ಉರುಳಿಸಿದಂತೆ ಎತ್ತಿ. ನಡುವೆ ಗಾಳಿ ಸಿಕ್ಕರೆ ಗುಳ್ಳೆ ಏಳುತ್ತದೆ. ಅಡಿಯ ಹಾಸು ನಡುವೆ ತುಸು ಉಬ್ಬಿದ್ದರೆ ಈ ಕೆಲಸ ಬಲು ಸಲೀಸು, ಅದಕ್ಕೆ ಮೊದಲ ಕಂಬಳಿಯ ಕೆಳಗೆ ಒದ್ದೆ ಬಟ್ಟೆಯೊಂದನ್ನು ಚಿಕ್ಕದಾಗಿ ಮಡಿಸಿಡಿ. ಹಾಳೆಯ ಮೇಲೆ ಇನ್ನೊಂದು ಕಂಬಳಿ, ಅದರ ಮೇಲೆ ಮುಂದಿನ ಹಾಳೆ. ಹೀಗೆ ಹತ್ತೂ ಮುಗಿಯಲಿ.

ಹಂತ 6: ಒತ್ತುವುದು

ಅಟ್ಟಿಯನ್ನು ಹಲಗೆಗಳ ನಡುವೆ ಇಟ್ಟು ಕ್ಲಾಂಪ್ ಬಿಗಿಯಿರಿ. ಮೊದಲ ಎರಡು ಮೂರು ನಿಮಿಷ ಮೆಲ್ಲಗೆ. ಒಮ್ಮೆಗೇ ಬಿಗಿದರೆ ನೀರು ಪಕ್ಕಕ್ಕೆ ನುಗ್ಗಿ ನಾರನ್ನೂ ಎಳೆದೊಯ್ಯುತ್ತದೆ, ಅಂಚು ಚಿಂದಿಯಾಗುತ್ತದೆ. ನೀರು ಹನಿಯುವುದು ನಿಂತಂತೆ ಇನ್ನಷ್ಟು ಬಿಗಿದು ಅರ್ಧ ಗಂಟೆ ಬಿಡಿ. ಒತ್ತಡ ಹೆಚ್ಚಾದಷ್ಟೂ ನಾರುಗಳು ಹತ್ತಿರ ಬರುತ್ತವೆ, ಬಂಧಗಳು ಹೆಚ್ಚುತ್ತವೆ. ಕೈಯಿಂದ ಒತ್ತಿ ಬಿಟ್ಟ ಹಾಳೆ ಎಷ್ಟು ಒಳ್ಳೆಯ ಪಲ್ಪಿನದಾದರೂ ಮೆತ್ತಗೆ, ರೋಮರೋಮವಾಗಿಯೇ ಇರುತ್ತದೆ.

ಹಂತ 7: ಒಣಗಿಸುವುದು

ಒದ್ದೆ ಹಾಳೆ ಒಣಗುವಾಗ ಕುಗ್ಗಲೇಬೇಕು. ಅಂಚು ಮೊದಲು ಒಣಗಿ ನಡುಭಾಗ ಆಮೇಲೆ ಒಣಗಿದರೆ ಕುಗ್ಗುವ ವೇಗ ಬೇರೆಬೇರೆಯಾಗಿ ಹಾಳೆ ಸುರುಟುತ್ತದೆ. ಹಗ್ಗಕ್ಕೆ ನೇತುಹಾಕಿದರೆ, ಬಿಸಿಲಲ್ಲಿ ಬಿಡಿಯಾಗಿ ಇಟ್ಟರೆ ಆಗುವುದು ಇದೇ. ಕುಗ್ಗಲು ಬಿಡದಂತೆ ಹಿಡಿದು ಒಣಗಿಸುವುದೊಂದೇ ಪರಿಹಾರ.

ಒಂದು ದಾರಿ: ಒತ್ತಿದ ಹಾಳೆಯನ್ನು ಗಾಜಿಗೋ ನುಣ್ಣನೆಯ ಹಲಗೆಗೋ ಮೆತ್ತನೆಯ ಬ್ರಷ್‌ನಿಂದ ನಡುವಿನಿಂದ ಅಂಚಿಗೆ ನೇವರಿಸಿ ಅಂಟಿಸಿ, ನೆರಳಲ್ಲಿ ಬಿಡಿ. ಆ ಮಗ್ಗುಲು ಗಾಜಿನಷ್ಟೇ ನಯವಾಗುತ್ತದೆ. ಪೂರ್ತಿ ಒಣಗುವ ಮುನ್ನ ಬಿಡಿಸಿದರೆ ಮಾಡಿದ್ದೆಲ್ಲ ವ್ಯರ್ಥ. ಮುಟ್ಟಿದರೆ ತಂಪೆನ್ನಿಸಿದರೆ ಇನ್ನೂ ನೀರಿದೆ ಎಂದೇ ಅರ್ಥ. ಇನ್ನೊಂದು ದಾರಿ: ಒಣ ಹೀರುಕಾಗದಗಳ ನಡುವೆ ಇಟ್ಟು ಮೇಲೆ ಭಾರ ಹೇರಿ, ಹೀರುಕಾಗದವನ್ನು ದಿನಕ್ಕೆರಡು ಸಲ ಬದಲಿಸುವುದು. ನಿಧಾನ, ಆದರೆ ಎರಡೂ ಮಗ್ಗುಲು ಒಂದೇ ಬಗೆಯಾಗಿರುತ್ತವೆ.

ಹಂತ 8: ಮಸಿ ಹರಡದಂತೆ ಮಾಡುವುದು

ಈಗಿರುವ ಹಾಳೆಗೆ ಪೆನ್ನು ತಾಗಿಸಿದರೆ ಮಸಿ ಹೀರಿಕೊಂಡು ಹರಡುತ್ತದೆ. ಇದನ್ನು ತಡೆಯುವ ಸಂಸ್ಕಾರಕ್ಕೆ ಸೈಜಿಂಗ್ ಎನ್ನುತ್ತಾರೆ. ಬೇಯಿಸಿದ ಗಂಜಿ ಸಾಕಲ್ಲವೇ ಎಂದು ಹಲವರು ಕೇಳುತ್ತಾರೆ. ಗಂಜಿ ಹಾಳೆಗೆ ಬಿಗಿ ಕೊಡುತ್ತದೆ, ನೀರನ್ನು ತಡೆಯುವ ಗುಣ ಅದಕ್ಕೆ ಕಡಿಮೆ. ಕೈಕಾಗದಕ್ಕೆ ಜೆಲಟಿನ್ ಉತ್ತಮ. 15 ಗ್ರಾಂ ಜೆಲಟಿನನ್ನು ಒಂದು ಲೀಟರ್ ತಣ್ಣೀರಿನಲ್ಲಿ ಅರ್ಧ ಗಂಟೆ ನೆನೆಸಿ, 60 ಡಿಗ್ರಿ ಮೀರದಂತೆ ಬಿಸಿಮಾಡಿ ಕರಗಿಸಿ. ಕುದಿಸಿದರೆ ಅದರ ಬಲ ಹೋಗುತ್ತದೆ. ಪೂರ್ತಿ ಒಣಗಿ ಒಂದು ವಾರ ಕಳೆದ ಹಾಳೆಯನ್ನು ಈ ಬೆಚ್ಚನೆಯ ದ್ರಾವಣದಲ್ಲಿ ಒಂದು ಬದಿಯಿಂದ ಜಾರಿಸಿ ಅದ್ದಿ, ಎತ್ತಿ, ಕಂಬಳಿಗಳ ನಡುವೆ ಹಗುರಾಗಿ ಒತ್ತಿ, ಏಳನೇ ಹಂತದಂತೆಯೇ ಮತ್ತೆ ಒಣಗಿಸಿ.

ಪಟಿಕದ ಮಾತನ್ನೂ ಹೇಳಿಬಿಡಬೇಕು. ಪಟಿಕ ಮತ್ತು ರಾಳ ಬೆರೆಸಿ ಸೈಜ್ ಮಾಡುವ ಪದ್ಧತಿ ಹತ್ತೊಂಬತ್ತನೇ ಶತಮಾನದಿಂದ ಕಾರ್ಖಾನೆಗಳಲ್ಲಿ ಬಹುಕಾಲ ನಡೆಯಿತು. ಅದು ಉಳಿಸುವ ಆಮ್ಲದಿಂದಲೇ ಆ ಕಾಲದ ಎಷ್ಟೋ ಪುಸ್ತಕಗಳ ಪುಟ ಇಂದು ಮಡಿಸಿದರೆ ಮುರಿಯುತ್ತದೆ. ಕಾರ್ಬೊನೇಟ್ ಬೆರೆಸಿ ಮಾಡಿದ ಹಾಳೆಗೆ ಪಟಿಕ ಹಾಕಿದರೆ ಒಂದು ಇನ್ನೊಂದನ್ನು ಕೊಲ್ಲುತ್ತದೆ.

ಇದೇ ಪಲ್ಪ್‌ನಿಂದ ಅಚ್ಚಿನ ವಸ್ತು

ತಟ್ಟೆ, ಬುಟ್ಟಿ, ಗಾಜಿನ ಸಾಮಾನು ಇಡುವ ಗೂಡು ಮಾಡಲು ಪಲ್ಪ್ ಇನ್ನೂ ಮಂದವಿರಬೇಕು: ಲೀಟರಿಗೆ 30ರಿಂದ 40 ಗ್ರಾಂ. ತೂತುಗಳಿರುವ ಅಚ್ಚಿನ ಮೇಲೆ ಜಾಲರಿ ಹಾಸಿ, ಪಲ್ಪ್ ಸುರಿದು, ಸ್ಪಂಜಿನಿಂದ ಒತ್ತಿ ನೀರು ತೆಗೆಯಿರಿ. ಗೋಡೆ 3ರಿಂದ 5 ಮಿಲಿಮೀಟರ್ ಮೀರದಿರಲಿ. ದಪ್ಪವಾದರೆ ಹೊರಗೆ ಒಣಗಿದಂತೆ ಕಂಡು ಒಳಗೆ ಬೂಷ್ಟು ಹಿಡಿಯುತ್ತದೆ, ಗಂಜಿ ಬೆರೆಸಿದ್ದರಂತೂ ಇನ್ನೂ ಬೇಗ. ಕುಗ್ಗುವಾಗ ಅಚ್ಚನ್ನು ಬಿಗಿಯಾಗಿ ಹಿಡಿದುಕೊಳ್ಳುವುದರಿಂದ ಅಚ್ಚಿನ ಗೋಡೆಗಳು ಓರೆಯಾಗಿರಬೇಕು.

ವಿಸ್ಕೋಸ್ ನೂಲನ್ನು ಮನೆಯಲ್ಲಿ ತೆಗೆಯಬಹುದೇ ಎಂದು ಕೇಳುವವರಿದ್ದಾರೆ. ಆ ಕ್ರಮದಲ್ಲಿ ಕಾರ್ಬನ್ ಡೈಸಲ್ಫೈಡ್ ಬೇಕು. ನರಗಳಿಗೆ ವಿಷ, ಬಿಸಿ ಕೊಳವೆ ತಾಗಿದರೂ ಹೊತ್ತಿಕೊಳ್ಳುವ ದ್ರವ. ಮನೆಯ ಕೆಲಸ ಅಲ್ಲವೇ ಅಲ್ಲ.

ಉಳಿದ ಪಲ್ಪ್

ಹತ್ತು ಹಾಳೆ ಮುಗಿದಾಗ ತೊಟ್ಟಿಯಲ್ಲಿ ಸುಮಾರು 150 ಗ್ರಾಂ ನಾರು ಉಳಿದಿರುತ್ತದೆ. ನೀರನ್ನು ಬಟ್ಟೆಯಲ್ಲಿ ಸೋಸಿ, ಮುದ್ದೆಯನ್ನು ಹಿಂಡಿ ಫ್ರಿಜ್‌ನಲ್ಲಿಟ್ಟು ನಾಲ್ಕೈದು ದಿನದೊಳಗೆ ಬಳಸಿ. ಹುಳಿ ವಾಸನೆ ಬಂದರೆ ಅದು ಕೊಳೆಯತೊಡಗಿದೆ, ಅದರಿಂದ ಮಾಡಿದ ಹಾಳೆಯಿಂದ ಆ ವಾಸನೆ ಹೋಗುವುದಿಲ್ಲ. ಬಹುದಿನ ಇಡಬೇಕಾದರೆ ಚಪ್ಪಟೆ ಬಿಲ್ಲೆ ಮಾಡಿ ಒಣಗಿಸಿ, ಮುಂದೆ ಮತ್ತೆ ಒಂದು ರಾತ್ರಿ ನೆನೆಸಿದರಾಯಿತು. ಸೋಸದ ನೀರನ್ನು ಮಾತ್ರ ಸಿಂಕಿಗೆ ಸುರಿಯಬೇಡಿ. ಪೈಪಿನ ತಿರುವಿನಲ್ಲಿ ನಾರು ಕೂತು, ಇಷ್ಟು ಹೊತ್ತು ಜಾಲರಿಯ ಮೇಲೆ ನೀವು ಮಾಡಿದ್ದನ್ನೇ ಅದು ಅಲ್ಲಿ ಮಾಡುತ್ತದೆ.